‘ಹೆನ್ರಿಕಸ್’ ಎಂಬ ಹೆಸರಿನ ಪೆನ್ನಿಗಳು

ಮಧ್ಯಯುಗದ ಇಂಗ್ಲೆಂಡಿನ ಬೆಳ್ಳಿಯ ನಾಣ್ಯಗಳಲ್ಲಿ ವ್ಯಾಸಂಗಿಗಳನ್ನು ಬಹುಸುಲಭವಾಗಿ ದಾರಿ ತಪ್ಪಿಸುವವು 1180ರಿಂದ 1247ರವರೆಗೆ ಅಚ್ಚಾದ ‘ಕಿರುಶಿಲುಬೆ’ಯ ಪೆನ್ನಿಗಳು. ಇವುಗಳ ಮುಂಬದಿಯಲ್ಲಿ ರಾಜನ ಮುಖವೂ ‘ಹೆನ್ರಿಕಸ್ ರೆಕ್ಸ್’ ಎಂಬ ಲೇಖವೂ ಇವೆ. ಎರಡನೆಯ ಹೆನ್ರಿಯು 1189ರಲ್ಲಿ ಮಡಿದ ಮೇಲೆ ರಿಚರ್ಡನೂ ಅನಂತರ ಜಾನನೂ ಪಟ್ಟವೇರಿದರು. ನಾಣ್ಯದ ಮೇಲಣ ಹೆಸರು ಮಾತ್ರ ಬದಲಾಗಲಿಲ್ಲ. ಜನರ ನಂಬಿಕೆಯನ್ನು ಗಳಿಸಿದ್ದ ರೂಪವನ್ನು ಕದಲಿಸದಿರುವುದೇ ಲೇಸೆಂದು ಅವರು ಬಗೆದಿರಬೇಕೆಂದು ನಮಗೆ ತೋರುತ್ತದೆ. ರಿಚರ್ಡನ ಹೆಸರುಳ್ಳ ನಾಣ್ಯಗಳು ಫ್ರಾನ್ಸಿನಲ್ಲಿ ಅವನ ವಶದಲ್ಲಿದ್ದ ಪ್ವಾತೂ, ಅಕ್ವಿಟೇನ್ ಸೀಮೆಗಳವು. ಅವನ ಹೆಸರಿನ ಇಂಗ್ಲಿಷ್ ಪೆನ್ನಿಯೊಂದನ್ನು ಯಾರಾದರೂ ಮುಂದಿಟ್ಟರೆ ಅದು ಖೋಟಾ ಎಂದೇ ತಿಳಿಯತಕ್ಕದ್ದು.

ಹಾಗಾದರೆ ಕಾಲನಿರ್ಣಯವೆಂತು? ಲಾರೆನ್ಸ್ ಎಂಬ ವಿದ್ವಾಂಸರು 1915ರಲ್ಲಿ ಈ ಪೆನ್ನಿಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದರು. ಮುಂದಿನವರು ಅದನ್ನೇ ತಿದ್ದಿ ಬೆಳೆಸಿದ್ದಾರೆ. ರಾಜನ ಗುಂಗುರುಕೂದಲು, ಗಡ್ಡ, ಅಕ್ಷರಗಳ ಆಕಾರ ಇವೇ ಇಲ್ಲಿನ ಸಾಕ್ಷಿಗಳು. ಮೊದಲ ವರ್ಗದ ಅಚ್ಚುಕಟ್ಟಾದ ನಾಣ್ಯಗಳಲ್ಲಿ ತಲೆಯ ಎಡಕ್ಕೆ ಎರಡು, ಬಲಕ್ಕೆ ಐದು ಸುರುಳಿಗಳಿರುವುದು ವಾಡಿಕೆ. ರಿಚರ್ಡನ ಕಾಲದಲ್ಲಿ ಕೆತ್ತನೆ ಒರಟಾಯಿತು. 1205ರಲ್ಲಿ ಜಾನನು ನಡೆಸಿದ ಸುಧಾರಣೆಯಿಂದ ಮುಖ ಮತ್ತೆ ನಯವಾಯಿತು. ಅದರ ಆರಂಭದ ಅಚ್ಚುಗಳಲ್ಲಿ ‘ಎಸ್’ ಅಕ್ಷರವು ತಿರುಗುಮುರುಗಾಗಿರುವುದು ಒಳ್ಳೆಯ ಗುರುತು.

ಬೆಲೆಯನ್ನು ನಿಶ್ಚಯಿಸುವುದಾದರೋ ಬಹುಮಟ್ಟಿಗೆ ಹಿಂಬದಿ. ಚಿಕ್ಕ ಶಿಲುಬೆಯ ಸುತ್ತ ಟಂಕಕಾರನ ಹೆಸರೂ ಟಂಕಸಾಲೆಯ ಊರೂ ಇರುತ್ತವೆ. ‘ವಿಲೆಲ್ಮ್ ಆನ್ ಲುಂಡ್’ ಎಂದರೆ ಲಂಡನ್ನಿನ ವಿಲಿಯಂ. ಲಂಡನ್, ಕ್ಯಾಂಟರ್‌ಬರಿಗಳ ಪೆನ್ನಿಗಳು ಹೇರಳವಾಗಿವೆ. ಕಾಲ್‌ಚೆಸ್ಟರ್ ಒಂದರಲ್ಲೇ 1902ರಲ್ಲಿ ಹತ್ತು ಸಾವಿರಕ್ಕೂ, 1969ರಲ್ಲಿ ಹದಿನಾಲ್ಕು ಸಾವಿರಕ್ಕೂ ಮಿಕ್ಕ ನಾಣ್ಯಗಳ ನಿಧಿಗಳು ದೊರೆತವು. ಎಂಟು ನೂರು ವರ್ಷಗಳ ವಯಸ್ಸೊಂದೇ ನಾಣ್ಯವನ್ನು ದುರ್ಲಭವಾಗಿಸದು. ವೇಲ್ಸಿನ ರಡ್‌ಲನ್ ಟಂಕಸಾಲೆಯ ‘ಹ್ಯಾಲಿ ಆನ್ ರುಲ’ ಎಂಬ ಒಡ್ಡು ಕೆತ್ತನೆಯ ಪೆನ್ನಿಯು ನೋಟಕ್ಕೆ ಕಳಪೆಯಾದರೂ ಅವುಗಳಿಗಿಂತ ವಿರಳ. ಅಂಚು ಕತ್ತರಿಸಿ ಬೆಳ್ಳಿ ಕದ್ದಿರುವುದೂ, ಹೊಳಪಿಗಾಗಿ ಉಜ್ಜಿ ತೊಳೆದಿರುವುದೂ ಬೆಲೆಯನ್ನು ತಗ್ಗಿಸುತ್ತವೆ. ಎರಡನೆಯದು ನಮ್ಮ ಕಾಲದ ಅಪರಾಧ.

ಪೆನ್ನಿಯನ್ನು ಶಿಲುಬೆಯ ಗೆರೆಯಗುಂಟ ಕತ್ತರಿಸಿ ಅರೆ, ಕಾಲು ಪೆನ್ನಿಗಳಾಗಿ ಬಳಸುತ್ತಿದ್ದುದುಂಟು. ಇಂತಹ ತುಂಡುಗಳು ಸಾಮಾನ್ಯ. ಆದರೆ ದುಂಡಗಿನ ಅರೆಪೆನ್ನಿ, ಫಾರ್ದಿಂಗುಗಳನ್ನು ಅಚ್ಚುಹಾಕಲು 1222ರಲ್ಲಿ ಮೂರನೆಯ ಹೆನ್ರಿಯ ಸರ್ಕಾರ ಏರ್ಪಾಡು ಮಾಡಿತ್ತು. ದೊರೆತಿರುವವು ಅತಿ ಸ್ವಲ್ಪ. ಬೆರಳುಗುರಿನಷ್ಟು ಚಿಕ್ಕದಾದ ಇಂತಹ ನಾಣ್ಯವನ್ನು ಸವೆದ ಪೆನ್ನಿಯೆಂದು ಬದಿಗಿಡುವ ಮುನ್ನ ಅದರ ಶಿಲುಬೆ, ಲೇಖಗಳು ಅಂಚಿನೊಳಗೆ ಪೂರ್ಣವಾಗಿವೆಯೇ ಎಂದು ಮಸೂರದಲ್ಲಿ ನೋಡಬೇಕು.