ತಲೆ ಒಂದು ಕಡೆ, ಬಾಲ ಒಂದು ಕಡೆ

ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟ ತಪ್ಪಿದ್ದಲ್ಲ. ಅವುಗಳನ್ನು ಹಿಡಿಯುವ ವೈರಸ್ಸಿಗೆ ಫೇಜ್ ಎನ್ನುತ್ತಾರೆ. ಟಿ4 ಎಂಬ ಫೇಜ್‌ನ ಚಿತ್ರವನ್ನು ಪಠ್ಯಪುಸ್ತಕದಲ್ಲಿ ನೀವು ನೋಡಿರುತ್ತೀರಿ: ಮೂಲೆಮೂಲೆಯಾದ ತಲೆ, ಕೊಳವೆಯಂಥ ಬಾಲ, ಬುಡದಲ್ಲಿ ಆರು ನೀಳ ಕಾಲು. ಇ. ಕೋಲೈ ಬ್ಯಾಕ್ಟೀರಿಯಾದೊಳಗೆ ಅದು ತನ್ನ ಡಿಎನ್‌ಎ ತೂರಿಸಿದರೆ ಸಾಕು, ಸುಮಾರು ಅರ್ಧ ಗಂಟೆಯಲ್ಲಿ ಕೋಶ ಒಡೆದು ನೂರರ ಆಸುಪಾಸು ಹೊಸ ಫೇಜ್‌ಗಳು ಹೊರಬೀಳುತ್ತವೆ. ಇಷ್ಟು ನಾಜೂಕಾದದ್ದನ್ನು ಅಲ್ಲಿ ಕೂತು ಜೋಡಿಸುವವರು ಯಾರು?

1960ರ ದಶಕದಲ್ಲಿ ಅಮೆರಿಕದ ಕ್ಯಾಲ್ಟೆಕ್‌ನಲ್ಲಿದ್ದ ರಾಬರ್ಟ್ ಎಡ್ಗರ್ ಇದನ್ನು ಹುಡುಕಹೊರಟದ್ದು ಕೆಟ್ಟ ಫೇಜ್‌ಗಳ ಮೂಲಕ. ಮುಖ್ಯವಾದ ಜೀನ್ ಕೆಟ್ಟರೆ ಫೇಜ್ ಬೆಳೆಯುವುದೇ ಇಲ್ಲ, ಬೆಳೆಯದಿದ್ದರೆ ಪರೀಕ್ಷಿಸುವುದೇನನ್ನು? ಹಾಗಾಗಿ 25 ಡಿಗ್ರಿಯಲ್ಲಿ ಸರಿಯಾಗಿ ಬೆಳೆದು, 42ರಲ್ಲಿ ಕೈಕೊಡುವಂಥವನ್ನು ಅವರು ಆರಿಸಿಕೊಂಡರು. ಒಂದು ತಳಿಯ ಬ್ಯಾಕ್ಟೀರಿಯಾದಲ್ಲಿ ಬೆಳೆದು ಇನ್ನೊಂದರಲ್ಲಿ ಸೋಲುವ ಬಗೆಯೂ ಸಿಕ್ಕಿತು. ಫೇಜ್ ಸೋತ ಕೋಶಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವಿಚಿತ್ರ: ಬಾಲದ ಜೀನ್ ಕೆಟ್ಟಲ್ಲಿ ತಲೆಗಳ ರಾಶಿ, ತಲೆಯ ಜೀನ್ ಕೆಟ್ಟಲ್ಲಿ ಬರೀ ಬಾಲಗಳು. ಒಂದು ಭಾಗ ಇನ್ನೊಂದಕ್ಕೆ ಕಾಯುತ್ತಲೇ ಇರಲಿಲ್ಲ.

1966ರಲ್ಲಿ ಎಡ್ಗರ್ ಮತ್ತು ವಿಲಿಯಂ ವುಡ್ ಪ್ರಕಟಿಸಿದ ಪ್ರಯೋಗ ನನ್ನ ಮಟ್ಟಿಗೆ ಈ ಕಥೆಯ ತಿರುಳು. 23ನೇ ಜೀನ್ ಕೆಟ್ಟ ಫೇಜ್ ಹೊಕ್ಕ ಕೋಶಗಳನ್ನು ಒಡೆದು ತೆಗೆದ ರಸದಲ್ಲಿ ತಲೆ ಇಲ್ಲ, ಬಾಲ ಮತ್ತು ಕಾಲುಗಳಿವೆ. ಇನ್ನೊಂದು ರಸದಲ್ಲಿ ಕಾಲಿಲ್ಲದ ಫೇಜ್‌ಗಳಿವೆ. ಬೇರೆಬೇರೆಯಾಗಿ ಇಟ್ಟರೆ ಎರಡೂ ನಿರುಪಯೋಗಿ. ಒಂದೇ ನಳಿಕೆಗೆ ಸುರಿದು ಇಟ್ಟಾಗ ಸೋಂಕು ತಗುಲಿಸಬಲ್ಲ ಫೇಜ್‌ಗಳು ತಯಾರಾದವು. ಅಲ್ಲಿ ಜೀವಂತ ಕೋಶವೇ ಇರಲಿಲ್ಲ!

ಕ್ರಮೇಣ ಜೋಡಣೆಯ ಸರದಿಯೂ ತಿಳಿಯಿತು. ತಲೆ, ಬಾಲ, ಕಾಲು ಮೂರೂ ಬೇರೆಬೇರೆ ಸಾಲಿನಲ್ಲಿ ತಯಾರಾಗುತ್ತವೆ. ಮೊದಲು ತಲೆಗೆ ಬಾಲ ಕೂಡುತ್ತದೆ, ಆಮೇಲಷ್ಟೇ ಕಾಲು. ಒಂದು ತುಂಡು ಕೂತಾಗಲೇ ಮುಂದಿನದಕ್ಕೆ ಜಾಗ ಸಿದ್ಧವಾಗುವುದು.

ಹಾಗೆಂದು ಎಲ್ಲವೂ ತಾನಾಗಿಯೇ ಆಗುವುದಿಲ್ಲ. ತಲೆ ಕಟ್ಟಲು ಒಳಗೊಂದು ತಾತ್ಕಾಲಿಕ ಸಾರುವೆ ಬೇಕು. ಕೆಲಸ ಮುಗಿದ ಮೇಲೆ ಅದನ್ನು ಒಂದು ಕಿಣ್ವ ಕತ್ತರಿಸಿ ಹಾಕುತ್ತದೆ. ಖಾಲಿಯಾದ ತಲೆಯೊಳಗೆ, ಅದರ ಉದ್ದದ ಸುಮಾರು 500 ಪಟ್ಟು ನೀಳವಾದ ಡಿಎನ್‌ಎಯನ್ನು ಪ್ರೋಟೀನ್ ಮೋಟಾರೊಂದು ಎಟಿಪಿ ಎಂಬ ಇಂಧನ ಸುಟ್ಟು ತುರುಕುತ್ತದೆ.

ಬಾಲದ ಉದ್ದ ಪ್ರತಿ ಸಲವೂ ಅಷ್ಟೇ ಇರುವುದು ಹೇಗೆ? ಲ್ಯಾಮ್ಡಾ ಎಂಬ ಇನ್ನೊಂದು ಫೇಜ್‌ನಲ್ಲಿ ಉತ್ತರ ಸಿಕ್ಕಿತು. ಬಾಲ ಬೆಳೆಯುವಾಗ ಒಂದು ನೀಳ ಪ್ರೋಟೀನ್ ದರ್ಜಿಯ ಟೇಪಿನ ಹಾಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಇಸಾವೊ ಕತ್ಸುರಾ ಮತ್ತು ರೋಜರ್ ಹೆಂಡ್ರಿಕ್ಸ್ ಅದರ ಜೀನನ್ನೇ ಮೊಟಕುಗೊಳಿಸಿ ನೋಡಿ, 1984ರಲ್ಲಿ ಫಲಿತಾಂಶ ಪ್ರಕಟಿಸಿದರು: ಜೀನ್ ಎಷ್ಟು ಕುಗ್ಗಿತ್ತೋ ಅದಕ್ಕೆ ತಕ್ಕಷ್ಟು ಬಾಲವೂ ಮೋಟಾಗಿತ್ತು.