ಮೂರೆಳೆಯ ಹುರಿ

ವಿಜ್ಞಾನಿಗಳ ವಿಷಯ ಬರೆಯುವವರು ಅವರ ಜನ್ಮಸ್ಥಳದಿಂದ ಹೊರಟು ಪ್ರಶಸ್ತಿಗಳಲ್ಲಿ ನಿಲ್ಲುವುದು ವಾಡಿಕೆ. ನಾನಾದರೋ ಜಿ. ಎನ್. ರಾಮಚಂದ್ರನ್ ಅವರ ಸಂಶೋಧನ ಪ್ರಬಂಧಗಳ ತಲೆಯ ಮೇಲೆ ಅಚ್ಚಾಗಿರುವ ಹೆಸರುಗಳನ್ನೇ ಹಿಡಿದು ಹೊರಟಿದ್ದೇನೆ. ಕಲಾ ವಿಭಾಗದವನಿಗೆ ಅಣುಗಳ ಗೊಡವೆ ಏಕೆಂದು ಮಿತ್ರರು ನಗಬಹುದು. ಶಾಸನದ ಕೊನೆಯಲ್ಲಿ ಯಾರು ಯಾರು ಸಾಕ್ಷಿಗಳೆಂದು ನೋಡುವುದು ಚರಿತ್ರೆಯ ವಿದ್ಯಾರ್ಥಿಗೆ ಅಭ್ಯಾಸವಷ್ಟೆ.

ರಾಮಚಂದ್ರನ್ (1922–2001) ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರು. ಕೇಂಬ್ರಿಜ್ಜಿಗೆ ಹೋಗಿ ಬಂದು, 1952ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಬಂದಿದ್ದ ಬ್ರಿಟಿಷ್ ವಿಜ್ಞಾನಿ ಜೆ. ಡಿ. ಬರ್ನಾಲ್, ಕೊಲಾಜನ್ನಿನ ರಚನೆ ಇನ್ನೂ ಯಾರಿಗೂ ಬಗೆಹರಿದಿಲ್ಲವೆಂದು ಮಾತಿನ ನಡುವೆ ಹೇಳಿದರು. ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವ ಪ್ರೋಟೀನು ಇದು. ನೆರೆಯಲ್ಲೇ ಇದ್ದ ಕೇಂದ್ರ ಚರ್ಮ ಸಂಶೋಧನಾಲಯದಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರೆಯಿತು. ಅದರ ಮೂಲಕ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆದರು. 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಬಂಧ ಬಂತು. ಅದರ ಮೇಲೆ ಎರಡೇ ಹೆಸರು: ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ.

ಕೊಲಾಜನ್ ಮೂರು ಎಳೆಗಳದೆಂದು ಅವರು ತೋರಿಸಿದರು. ಮರುವರ್ಷ ಆ ಮೂರೂ ಒಂದರ ಸುತ್ತ ಒಂದು ಹೊಸೆದುಕೊಂಡಿವೆಯೆಂದು ತಿದ್ದಿಕೊಂಡರು. ಇದನ್ನು ಅರ್ಥಮಾಡಿಕೊಳ್ಳಲು ನನಗೆ ಪುಸ್ತಕಕ್ಕಿಂತ ನಮ್ಮ ಮನೆಯ ಜಗಲಿಯೇ ನೆರವಾಯಿತು. ಪುಂಡಿನಾರಿನ ಹಗ್ಗ ಹೊಸೆಯುವಾಗ ಪ್ರತಿ ಎಳೆಯನ್ನು ಒಂದು ಕಡೆಗೂ, ಕೂಡಿಸಿದ ಎಳೆಗಳನ್ನು ಅದಕ್ಕೆ ವಿರುದ್ಧವಾಗಿಯೂ ತಿರುಚುತ್ತಾರೆ. ಇಲ್ಲದಿದ್ದರೆ ಹುರಿ ಬಿಚ್ಚಿಕೊಳ್ಳುತ್ತದೆ. ಕೊಲಾಜನ್ನಿನಲ್ಲಿಯೂ ಹಾಗೆಯೇ: ಬಿಡಿ ಎಳೆಯ ತಿರುಚು ಎಡಕ್ಕೆ, ಮೂರೂ ಕೂಡಿದ ಹುರಿಯ ತಿರುಚು ಬಲಕ್ಕೆ. ನಡುವೆ ಜಾಗ ಬಹಳ ಇಕ್ಕಟ್ಟು. ಆದ್ದರಿಂದ ಎಳೆಯ ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸೀನೇ ಕುಳಿತಿರಬೇಕು.

1955ರಲ್ಲಿಯೇ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಆಕ್ಷೇಪ ಎತ್ತಿದರು. ಮೂರೆಳೆ ಸರಿ, ಆದರೆ ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಬಂದಿವೆ. ಮೂರು ಆಮ್ಲಗಳಿಗೆ ಎರಡು ಜಲಜನಕ ಬಂಧಗಳಲ್ಲ, ಒಂದೇ, ಎಂದರು. ನಮ್ಮವರು ಈ ಕಥೆಯನ್ನು ಬರೆಯುವಾಗ ಅಭಿಮಾನದಿಂದ ಕ್ರಿಕ್ ಅವರನ್ನು ಖಳನಾಯಕನಾಗಿ ಮಾಡುವುದುಂಟು. ಅದು ನ್ಯಾಯವಲ್ಲ. ಬಂಧದ ಲೆಕ್ಕದಲ್ಲಿ ನಿಂತದ್ದು ಅವರ ಮಾತೇ. ಹೊಸೆದ ಮೂರೆಳೆಯೆಂಬ ಮೂಲ ಕಲ್ಪನೆ ಮಾತ್ರ ಮದರಾಸಿನದು.

ನನಗೆ ಹೆಚ್ಚು ಹಿಡಿಸಿದ್ದು ರಾಮಚಂದ್ರನ್ ಕೊಟ್ಟ ಉತ್ತರದ ಬಗೆ. ‘ಇರಬಾರದಷ್ಟು ಹತ್ತಿರ’ ಎಂದರೆ ಎಷ್ಟು ಹತ್ತಿರ? ಅದನ್ನು ಅಳೆದವರಾರು? ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ಹುಡುಕಿ, ಪರಮಾಣುಗಳು ಪರಸ್ಪರ ಎಷ್ಟು ಸಮೀಪಕ್ಕೆ ಬರಬಲ್ಲವೆಂದು ಪಟ್ಟಿ ಮಾಡಿದರು. ಪ್ರೋಟೀನಿನ ಸರಪಳಿಯ ಕೊಂಡಿಗಳು ಬಿಗಿಯಾದ ಚಪ್ಪಟೆ ಹಲಗೆಗಳಂತೆ. ಹಲಗೆಗಳು ಕೂಡುವ ಇಂಗಾಲದ ಪರಮಾಣುವಿನ ಎರಡು ಪಕ್ಕಗಳಲ್ಲಿ ಮಾತ್ರ ತಿರುಗಬಲ್ಲವು. ಆ ಎರಡು ಕೋನಗಳನ್ನು ಈಗ ಫೈ, ಸೈ ಎನ್ನುತ್ತಾರೆ. ಯಾವ ಜೋಡಿ ಕೋನಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗುವುದಿಲ್ಲವೆಂದು ಲೆಕ್ಕ ಹಾಕಿ ನಕ್ಷೆ ಬರೆದರು. ನಕ್ಷೆಯ ಬಹುಭಾಗ ನಿಷಿದ್ಧ ಪ್ರದೇಶವಾಯಿತು! 1963ರ ಆ ಪ್ರಬಂಧ ಐದೇ ಪುಟ. ಹೆಸರು ಮೂರು: ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್. ಲೋಕ ಮಾತ್ರ ಅದನ್ನು ‘ರಾಮಚಂದ್ರನ್ ನಕ್ಷೆ’ ಎಂದೇ ಕರೆಯಿತು. ಉಳಿದಿಬ್ಬರು ತಮ್ಮ ಹೆಸರನ್ನು ಪ್ರಬಂಧದ ತಲೆಯ ಮೇಲೆ ಮಾತ್ರ ಉಳಿಸಿಕೊಂಡರು.

ಕರ್ತಾ ಮುಂದೆ ಅಮೆರಿಕಕ್ಕೆ ಹೋಗಿ, 1967ರಲ್ಲಿ ಬೆಲ್ಲೊ ಮತ್ತು ಹಾರ್ಕರ್ ಅವರೊಡನೆ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವದ ರಚನೆಯನ್ನು ಬಿಡಿಸಿದರು. ರಾಮಚಂದ್ರನ್ ಬೆಂಗಳೂರಿಗೆ ಮರಳಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ದಿಕ್ಕಿನ ನೆರಳುಚಿತ್ರಗಳಿಂದ ವಸ್ತುವಿನ ಒಳರೂಪವನ್ನು ಮತ್ತೆ ಕಟ್ಟುವ ಗಣಿತವನ್ನು ಪ್ರಕಟಿಸಿದರು. ಆ ಬಗೆಯ ಲೆಕ್ಕವೇ ಆಸ್ಪತ್ರೆಗಳ ಸ್ಕ್ಯಾನ್ ಯಂತ್ರಗಳಲ್ಲಿ ಬಳಕೆಗೆ ಬಂತು.

ನಕ್ಷೆಗೆ ಇಂದಿಗೂ ಬಿಡುವಿಲ್ಲ. ಹೊಸ ಪ್ರೋಟೀನಿನ ರಚನೆಯನ್ನು ಯಾರೇ ಬಿಡಿಸಲಿ, ಅದರ ಕೋನಗಳನ್ನು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ನಿಷಿದ್ಧ ಪ್ರದೇಶದಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಸಂಶಯಪಡುತ್ತಾರೆ. ಆ ಪ್ರದೇಶದಲ್ಲಿ ಎಲ್ಲಕ್ಕಿಂತ ಸ್ವೇಚ್ಛೆಯಾಗಿ ಓಡಾಡುವುದು, ಹುರಿಯ ನಡುವೆ ಇಕ್ಕಟ್ಟಿನಲ್ಲಿ ಕುಳಿತಿದ್ದ ಅದೇ ಪುಟ್ಟ ಗ್ಲೈಸೀನು.