ಅಮೃತಶಿಲೆಯ ದೇವರು, ಕರಗಿಹೋದ ಕಂಚು

ಗ್ರೀಕ್ ಶಿಲ್ಪ ಎಂದೊಡನೆ ಬೆಳ್ಳನೆಯ ಅಮೃತಶಿಲೆಯ ದೇವರುಗಳು ಕಣ್ಣ ಮುಂದೆ ಬರುತ್ತಾರೆ. ಅವರ ಬಗ್ಗೆ ನಾವು ನಂಬಿಕೊಂಡು ಬಂದಿರುವ ಹಲವು ಮಾತುಗಳು ನಿಜವಲ್ಲ.

ತಪ್ಪು ಕಲ್ಪನೆ: ಮ್ಯೂಸಿಯಂಗಳಲ್ಲಿರುವ ಗ್ರೀಕ್ ದೇವರ ಪ್ರತಿಮೆಗಳೆಲ್ಲ ಪ್ರಾಚೀನ ಗ್ರೀಸಿನ ಮೂಲ ಕೃತಿಗಳು.

ಸತ್ಯ: ವ್ಯಾಟಿಕನ್‌ನ ‘ಅಪೊಲೊ ಬೆಲ್ವೆಡೀರ್’ ಪ್ರತಿಮೆಯನ್ನೇ ನೋಡಿ. ಪ್ರಾಚೀನ ಕಲೆಯ ಪರಮಾದರ್ಶ ಇದೇ ಎಂದು 18ನೇ ಶತಮಾನದಲ್ಲಿ ಕಲಾ ಇತಿಹಾಸಕಾರ ವಿಂಕೆಲ್‌ಮನ್ ಕೊಂಡಾಡಿದ್ದ. ಆದರೆ ಅದು ಕ್ರಿ.ಶ. 2ನೇ ಶತಮಾನದಲ್ಲಿ ರೋಮನ್ನರು ಅಮೃತಶಿಲೆಯಲ್ಲಿ ಕಡೆದ ನಕಲು. ಅದರ ಮೂಲ ಕ್ರಿ.ಪೂ. 4ನೇ ಶತಮಾನದ ಕಂಚಿನ ವಿಗ್ರಹ, ಪ್ರಾಯಶಃ ಗ್ರೀಕ್ ಶಿಲ್ಪಿ ಲಿಯೊಖಾರೆಸ್‌ನದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ತಪ್ಪು ಕಲ್ಪನೆ: ಗ್ರೀಕರು ಕಂಚಿನಲ್ಲಿ ಕೆಲಸ ಮಾಡಿದ್ದು ಅಪರೂಪ.

ಸತ್ಯ: ಉಳಿದದ್ದು ಅಪರೂಪ, ಮಾಡಿದ್ದಲ್ಲ. ಕ್ರಿ.ಪೂ. 5ನೇ ಶತಮಾನದ ದೊಡ್ಡ ಶಿಲ್ಪಿಗಳಿಗೆ ಕಂಚೇ ಅಚ್ಚುಮೆಚ್ಚು. ಆದರೆ ಲೋಹಕ್ಕೆ ಯಾವಾಗಲೂ ಬೆಲೆ ಇತ್ತು; ಮುಂದಿನ ಕಾಲದವರು ವಿಗ್ರಹಗಳನ್ನು ಕರಗಿಸಿ ಬೇರೆ ಕೆಲಸಕ್ಕೆ ಬಳಸಿಕೊಂಡರು. ಪಾರಾದ ಕೆಲವು ಹೆಚ್ಚಾಗಿ ಕಡಲಲ್ಲಿ ಮುಳುಗಿದಂಥವು. ಆರ್ಟೆಮಿಸಿಯಾನ್ ಭೂಶಿರದ ಬಳಿ 1926–28ರಲ್ಲಿ ನೀರಿನಿಂದ ಮೇಲೆತ್ತಿದ ದೇವರು ಈಗ ಅಥೆನ್ಸ್‌ನಲ್ಲಿದ್ದಾನೆ; ಅವನು ಜ್ಯೂಸನೋ ಪೊಸೈಡನನೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ತಪ್ಪು ಕಲ್ಪನೆ: ದೇವರ ಕಾಲಿನ ಪಕ್ಕದ ಮರದ ಬೊಡ್ಡೆ ಮೂಲ ಶಿಲ್ಪಿಯ ಕಲ್ಪನೆ.

ಸತ್ಯ: ಹೆಚ್ಚಿನ ಕಡೆ ಅದು ಕಂಚಿನ ಮೂಲವನ್ನು ಕಲ್ಲಿಗಿಳಿಸುವಾಗ ಬಂದ ಅನಿವಾರ್ಯತೆ. ಒಳಗೆ ಟೊಳ್ಳಾಗಿ ಎರಕ ಹೊಯ್ದ ಕಂಚು ಹಗುರ, ಗಟ್ಟಿ. ಆರ್ಟೆಮಿಸಿಯಾನ್‌ನ ದೇವರು ಎರಡು ತೋಳನ್ನೂ ಅಗಲಕ್ಕೆ ಚಾಚಿ, ಒಂದು ಹಿಮ್ಮಡಿ ಎತ್ತಿ, ಯಾವ ಆಸರೆಯೂ ಇಲ್ಲದೆ ನಿಂತಿದ್ದಾನೆ. ಅದೇ ಭಂಗಿಯನ್ನು ಕಲ್ಲಿನಲ್ಲಿ ಕಡೆದರೆ ಭಾರಕ್ಕೆ ಕಣಕಾಲೇ ಮುರಿದೀತು. ಹಾಗಾಗಿ ಬೊಡ್ಡೆ ಬಂತು, ತೊಡೆಗೂ ಕೈಗೂ ನಡುವೆ ಕಲ್ಲಿನ ಅಡ್ಡಪಟ್ಟಿ ಬಂತು.

ತಪ್ಪು ಕಲ್ಪನೆ: ರೋಮನ್ನರದು ಬರೀ ಕಣ್ಣಂದಾಜಿನ ನಕಲು.

ಸತ್ಯ: ನೇಪಲ್ಸ್ ಸಮೀಪದ ಬೈಯಾದಲ್ಲಿ 1954ರಲ್ಲಿ ಪ್ಲಾಸ್ಟರ್ ತುಣುಕುಗಳ ರಾಶಿಯೇ ಸಿಕ್ಕಿತು. ಅವು ಗ್ರೀಕ್ ಕಂಚಿನ ಪ್ರತಿಮೆಗಳಿಂದ ತೆಗೆದ ಅಚ್ಚುಗಳ ಪಡಿಯಚ್ಚುಗಳು. ಇವನ್ನು ಎದುರಿಗಿಟ್ಟುಕೊಂಡು, ಅಳತೆ ಹಿಡಿದು ಕಲ್ಲು ಕಡೆಯುತ್ತಿದ್ದರು. ಎಲ್ಲವೂ ಯಥಾವತ್ತಾಗಿರಲಿಲ್ಲ, ಅಳತೆ ಬದಲಿಸಿದವರು, ಗ್ರೀಕ್ ಶೈಲಿಯಲ್ಲಿ ಹೊಸದನ್ನೇ ಕಡೆದವರೂ ಇದ್ದರು.

ತಪ್ಪು ಕಲ್ಪನೆ: ಅಮೃತಶಿಲೆ ಎಂದರೆ ಬಿಳಿ ಬಣ್ಣವೇ.

ಸತ್ಯ: ತುಟಿ, ಕೂದಲು, ಕಣ್ಣು, ಬಟ್ಟೆಗೆ ಬಣ್ಣ ಹಚ್ಚುತ್ತಿದ್ದರು. 1863ರಲ್ಲಿ ರೋಮ್ ಬಳಿಯ ಪ್ರಿಮಾ ಪೋರ್ಟಾದಲ್ಲಿ ಸಿಕ್ಕ ಅಗಸ್ಟಸ್ ಚಕ್ರವರ್ತಿಯ ಪ್ರತಿಮೆಯ ಮೇಲೆ ಬಣ್ಣದ ಗುರುತು ಉಳಿದಿತ್ತು.

‘ನಕಲು’ ಎಂದು ಮೂಗು ಮುರಿಯುವುದು ಅನ್ಯಾಯ. ರೋಮನ್ ಶಿಲ್ಪಿಗಳು ಉಳಿ ಹಿಡಿಯದಿದ್ದರೆ ಗ್ರೀಸಿನ ಎಷ್ಟೋ ಮಹಾಕೃತಿಗಳು ನಮಗೆ ಬರೀ ಹೆಸರಾಗಿ ಉಳಿಯುತ್ತಿದ್ದವು.